ನಮ್ಮಪ್ಪನೆಂಬ ಕೌನ್ಸೆಲರ್

ಕೌನ್ಸೆಲರ್ ಎಂಬ ಪದಕ್ಕೆ ಕನ್ನಡದಲ್ಲಿ ಏನನ್ನುತ್ತಾರೆಂದು ಟ್ರೇನಿಂಗ್ ಕಾಲೇಜಿನಲ್ಲಿ ಇಂಗ್ಲಿಷ್ ಮಾಸ್ತರರು ಕೇಳಿದಾಗ ನಾನು ಎದ್ದು ನಿಂತು, "ನಮ್ಮಪ್ಪ ರೀ" ಎಂದುಬಿಟ್ಟೆ. ಕ್ಲಾಸಿನ ಹುಡುಗಿಯರು ಬೆಂಚು ಬಡಿದು ನಕ್ಕರು. ನಾನು ಹೇಳಹೊರಟದ್ದು 'ನಮ್ಮಪ್ಪನಂಥವರು' ಎಂದು. ಗಡಿಬಿಡಿಯಲ್ಲಿ ಬಾಲ ಕಳಚಿಹೋಗಿತ್ತು. ಈಗ ಕೂತು ಯೋಚಿಸಿದರೆ ಬಾಲವಿಲ್ಲದ ಉತ್ತರವೇ ಸರಿ ಇತ್ತೇನೋ ಅನಿಸುತ್ತದೆ.

ಮಾಸ್ತರರು ಹಲಗೆಯ ಮೇಲೆ 'ಸಲಹೆಗಾರ' ಎಂದು ಬರೆದರು. ನನಗೆ ಆ ಪದ ಅಂದೂ ಹಿಡಿಸಲಿಲ್ಲ, ಇಂದೂ ಹಿಡಿಸುವುದಿಲ್ಲ. ಸಾಲಗಾರ, ಮೋಸಗಾರ, ಜೂಜುಗಾರರ ಪಂಕ್ತಿಯಲ್ಲಿ ಪಾಪದ ಮನುಷ್ಯನೊಬ್ಬನನ್ನು ಊಟಕ್ಕೆ ಕೂರಿಸಿದ ಹಾಗಿದೆ. 'ಮಂತ್ರಿ' ಎನ್ನಬಹುದಿತ್ತು, ಗುಟ್ಟಿನಲ್ಲಿ ಕೂತು ಆಲೋಚನೆ ಹೇಳುವವನೇ ಮೂಲದಲ್ಲಿ ಮಂತ್ರಿ. ಆದರೆ ಅಷ್ಟೊತ್ತಿಗೆ ಮಂತ್ರಿಗಳೆಲ್ಲ ಕಾರು ಹತ್ತಿ ಬೆಂಗಳೂರು ಸೇರಿಯಾಗಿತ್ತು. ಸುಲ್ತಾನರು ಆಳಿದ ಊರು ನಮ್ಮದು, ಹಾಗಾಗಿ 'ವಜೀರ' ಎಂಬ ಪದವೂ ಕೈಗೆಟುಕುವಷ್ಟರಲ್ಲೇ ಇತ್ತು. ವಜೀರ ಎಂದರೆ ಹೊರೆ ಹೊರುವವನು ಎಂದು ನಮ್ಮ ಓಣಿಯ ಉರ್ದು ಮಾಸ್ತರರು ಹೇಳುತ್ತಿದ್ದರು. ಇನ್ನು ವಿಜಾಪುರದ ಸಾಮಾನ್ಯ ಜನಕ್ಕೆ ಕೌನ್ಸಿಲರ್ ಎಂದರೆ ಮುನ್ಸಿಪಾಲಿಟಿಯ ಮೆಂಬರು. ಅವರ ಹತ್ತಿರ ಜನ ಹೋಗುತ್ತಿದ್ದುದು ಬುದ್ಧಿ ಕೇಳಲಿಕ್ಕಲ್ಲ, ನಲ್ಲಿ ಕೇಳಲಿಕ್ಕೆ.

ನಮ್ಮ ಕಡೆ ಈ ಕೆಲಸಕ್ಕೆ ಹೆಸರೇ ಇರಲಿಲ್ಲ, ಕೆಲಸ ಮಾತ್ರ ಇತ್ತು. "ಒಂದ್ ಮಾತ ಕೇಳಿ ಬರೂಣು" ಎನ್ನುತ್ತಿದ್ದರು, ಬಸ್ಸು ಹತ್ತುತ್ತಿದ್ದರು. ಎತ್ತು ಕೊಳ್ಳಲಿ, ಮಗಳನ್ನು ಕೊಡಲಿ, ಅಣ್ಣತಮ್ಮಂದಿರು ಬೇರೆಯಾಗಲಿ, ಮನೆಯ ಹೊರಗಿನವರೊಬ್ಬರನ್ನು ಒಂದು ಮಾತು ಕೇಳದೆ ಮುಂದಿನ ಹೆಜ್ಜೆ ಇಡುವುದು ರೀತಿಯಲ್ಲ. ತಿಕೋಟಾ, ಹೊನವಾಡ, ಬಬಲೇಶ್ವರದ ಎಷ್ಟೋ ಮನೆಗಳಿಗೆ ಆ ಹೊರಗಿನವರು ನಮ್ಮಪ್ಪ. ಕಚೇರಿಯಲ್ಲಿ ಕಾರಕೂನ. ಎತ್ತಿನ ಹಲ್ಲು ಎಣಿಸಲು ಬಾರದು. ಹೊಲದಲ್ಲಿ ನಿಲ್ಲಿಸಿದರೆ ಕಡಲೆ ಯಾವುದು ಕುಸುಬಿ ಯಾವುದು ಎಂದು ಪಕ್ಕದವರ ಮುಖ ನೋಡುವ ಪೈಕಿ. ಆದರೂ ರವಿವಾರ ಬೆಳಗಾದರೆ ನಮ್ಮ ಕಟ್ಟೆಯ ಕೆಳಗೆ ಕಾಲಿಂದ ಕಳಚಿಟ್ಟ, ಧೂಳು ಮೆತ್ತಿದ ಕೆರಗಳ ಸಾಲು. ಅಪ್ಪ ಎಲೆ ಅಡಿಕೆಯ ತಟ್ಟೆ ಮುಂದಿಟ್ಟುಕೊಂಡು, ಕಣ್ಣು ಅರ್ಧ ಮುಚ್ಚಿ, ನಡುವೆ ಬಾಯಿ ಹಾಕದೆ ಎಲ್ಲವನ್ನೂ ಕೇಳುತ್ತಿದ್ದರು. ಕೊನೆಗೆ ತೀರ್ಪು ಕೊಡುತ್ತಿದ್ದರು. ಒಳಗೆ ಅವ್ವ ಮತ್ತೊಂದು ಸಲ ಚಹಾಕ್ಕೆ ನೀರಿಡುತ್ತ, "ಊರ ಮಂದಿಗೆಲ್ಲಾ ಶಾಣ್ಯಾ, ಮನಿಗೆ ಸಕ್ಕರಿ ತರೂದು ನೆನಪಿರೂದಿಲ್ಲ" ಎಂದು ಪಾತ್ರೆಗಳಿಗೆ ಹೇಳಿಕೊಳ್ಳುತ್ತಿದ್ದಳು.

ಬರುವವರಲ್ಲಿ ಎಲ್ಲರಿಗಿಂತ ನಿಯತ್ತಿನವರು ಬಬಲೇಶ್ವರದ ಶಿವನಗೌಡರು. ದೊಡ್ಡ ರುಮಾಲು, ಅದಕ್ಕಿಂತ ದೊಡ್ಡ ಧ್ವನಿ. ಎತ್ತು ಕೊಳ್ಳುವಾಗಲೂ, ಮಗಳಿಗೆ ಹೊನವಾಡದ ಸಂಬಂಧ ಬಂದಾಗಲೂ ಅಪ್ಪನನ್ನು ಕೇಳಿಕೊಂಡು ಹೋದವರು. ಒಂದು ಬೇಸಿಗೆಯಲ್ಲಿ ಅವರು ಬಾವಿಯ ವಿಚಾರ ತಂದಿದ್ದು ನನಗೆ ಚೆನ್ನಾಗಿ ನೆನಪಿದೆ. ಬಾವಿಯನ್ನು ಹಳ್ಳದ ದಂಡೆಗೆ ತೋಡಬೇಕೋ, ಮೇಲೆ ಬೇವಿನ ಮರದ ಹತ್ತಿರ ತೋಡಬೇಕೋ? ಅಪ್ಪ ಇಡೀ ಒಂದು ಎಲೆ ಅಗಿದು ಮುಗಿಸಿ, "ಬೇವಿನ ಗಿಡದ ಕಡೆ ಬ್ಯಾಡ್ರಿ ಗೌಡ್ರ, ಹಳ್ಳದ ದಂಡೀಗೆ ತೋಡ್ರಿ" ಎಂದರು. ಗೌಡರು ಕೈ ಮುಗಿದು ಎದ್ದರು.

ಇಂಥ ಅಪ್ಪ ನನ್ನ ವಿಷಯ ಬಂದಾಗ ಮಾತ್ರ ಕಲ್ಲಾದರು. ಟ್ರೇನಿಂಗ್ ಮುಗಿದು ನನಗೆ ಕನಮಡಿಯ ಹೆಣ್ಣುಮಕ್ಕಳ ಸಾಲೆಗೆ ನೇಮಕವಾಗಿತ್ತು. ಮಹಾರಾಷ್ಟ್ರದ ಗಡಿಗೆ ಹತ್ತಿದ ಊರು, ಅಲ್ಲೇ ಕೋಣೆ ಹಿಡಿದು ಇರಬೇಕು. ತಿಂಗಳೊಪ್ಪತ್ತಿನಲ್ಲಿ ಹಾಜರಾಗದಿದ್ದರೆ ಕೆಲಸ ಬೇರೆಯವರಿಗೆ. ಮದುವೆಯಾಗದ ಹುಡುಗಿ ಒಬ್ಬಳೇ ಪರಊರಲ್ಲಿ ಇದ್ದಳೆಂದರೆ ಮುಂದೆ ಯಾರು ಕೇಳಿಕೊಂಡು ಬರುತ್ತಾರೆ ಎಂಬುದು ಅವ್ವನ ಚಿಂತೆ. ಅಜ್ಜಿ ಊಟ ಬಿಡುವ ಮಾತಾಡಿದಳು, ಆದರೆ ಬಿಡಲಿಲ್ಲ. ನನಗೋ ಹೋಗಲೇಬೇಕಿತ್ತು. ಆ ಸಾಲೆ, ಆ ಹಲಗೆ, ನನ್ನದೇ ಒಂದು ಕೋಣೆ, ಎಲ್ಲವೂ ಬೇಕಿತ್ತು. ಅಪ್ಪ ಹೋಗು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ದಿನಗಳು ಕರಗುತ್ತಿದ್ದವು. ಕೊನೆಗೆ ಒಂದು ರವಿವಾರ, "ನಡಿ ಶಾಂತಾ, ಗೌಡ್ರನ್ನ ಒಂದ್ ಮಾತ ಕೇಳಿ ಬರೂಣು" ಎಂದು ಟೊಪ್ಪಿಗೆ ಇಟ್ಟುಕೊಂಡರು. ಡಾಕ್ಟರೇ ಎದ್ದು ರೋಗಿಯ ಮನೆಗೆ ಔಷಧಿ ಕೇಳಲು ಹೊರಟ ಹಾಗಿತ್ತು. ನಗು ಬಂತು, ನಗುವ ಧೈರ್ಯ ಬರಲಿಲ್ಲ.

ಬಬಲೇಶ್ವರದಲ್ಲಿ ಇಳಿದರೆ ಗೌಡರು ಮನೆಯಲ್ಲಿರಲಿಲ್ಲ, ಹೊಲದಲ್ಲಿದ್ದರು. ಅಲ್ಲಿಗೇ ನಡೆದೆವು. ಗೌಡರು ನಮ್ಮನ್ನು ಕಂಬಳಿಯ ಮೇಲೆ ಕೂರಿಸಿ, ಅಪ್ಪನ ಮಾತನ್ನೆಲ್ಲ ಅಪ್ಪನ ಹಾಗೆಯೇ ಕಣ್ಣು ಅರ್ಧ ಮುಚ್ಚಿ ಕೇಳಿದರು. ಆಮೇಲೆ ರುಮಾಲು ಸರಿಮಾಡಿಕೊಂಡು, "ಕಳಸಬ್ಯಾಡ್ರಿ" ಎಂದರು. "ಹೆಣ್ಣ ಹುಡುಗಿ, ದೂರದ ಊರು. ನಾಳೆ ಜ್ವರಾ ಬಂದ್ರ ನೀರ ಕೊಡವ್ರು ಯಾರು? ಬ್ಯಾಡ್ರಿ."

ಅಪ್ಪ ಎದ್ದು, ಕೈ ತೊಳೆಯಲು ಬಾವಿಯ ಕಡೆ ನಡೆದರು. ಹೊಸ ಬಾವಿ, ತುಂಬಾ ನೀರು. ಅದರ ಮೇಲೆ ಬೇವಿನ ಮರದ ನೆರಳು ಬಿದ್ದಿತ್ತು.

"ಗೌಡ್ರ, ಇಲ್ಲೆ ಬ್ಯಾಡಂದಿದ್ನಲ್ಲ?"

"ಹೌದ್ರಿ, ಬ್ಯಾಡಂದಿದ್ರಿ," ಎಂದರು ಗೌಡರು, ಒಂಚೂರೂ ಮುಜುಗರವಿಲ್ಲದೆ. "ನೀವು ಬ್ಯಾಡ ಅಂದಕೂಡ್ಲೆ ನನ್ನ ಹೊಟ್ಯಾಗ ಸಿಟ್ಟ ಬಂತ್ರಿ. ಯಾಕ ಬ್ಯಾಡ, ಅಲ್ಲೇ ತೋಡ್ತೇನಿ ಅಂತ ಬಸ್ಸಿನ್ಯಾಗ ಕುಂತ ಗಟ್ಟಿ ಮಾಡಿದ್ನಿ."

"ಮತ್ತ ಎತ್ತು? ಹೊನವಾಡದ ಸಂಬಂಧ?"

"ನಿಮ್ಮ ಮಾತ ಒಮ್ಮಿನೂ ಕೇಳಿಲ್ರಿ," ಎಂದರು ಗೌಡರು ಪ್ರೀತಿಯಿಂದ. "ಆದ್ರ ನಿಮ್ಮನ್ನ ಕೇಳದ ಏನೂ ಮಾಡಿಲ್ಲ. ಮನ್ಯಾಗ ಬಾಯಿ ತಗದ್ರ ಜಗಳಾ ಆಗ್ತೈತಿ. ನೀವು ಪೂರಾ ಕೇಳ್ತೀರಿ. ಹೇಳಿ ಮುಗಿಸೂದ್ರಾಗ ನನಗ ಏನ ಬೇಕು ಅನ್ನೂದು ನನಗ ತಿಳೀತೈತಿ."

ಅಪ್ಪನ ಮುಖ ನೋಡುವ ಹಾಗಿರಲಿಲ್ಲ. ಎಷ್ಟೋ ವರ್ಷಗಳ ತೀರ್ಪುಗಳೆಲ್ಲ ಆ ಬಾವಿಗೆ ಬಿದ್ದಿದ್ದವು. ನನಗೆ ಅಯ್ಯೋ ಅನಿಸಿತು. ಅಷ್ಟರಲ್ಲಿ ಹೊಲಕ್ಕೆ ಬಂದ ಗೌಡರ ಹೆಂಡತಿ ಬುತ್ತಿ ಬಿಚ್ಚಿ ಸಜ್ಜೆ ರೊಟ್ಟಿ, ಕೆಂಪು ಚಟ್ನಿ, ಮೊಸರು ಬಡಿಸಿದರು. ಅಪ್ಪ ಬಾವಿಗೆ ಬೆನ್ನು ಮಾಡಿ ಕೂತು ಉಂಡರು.

ತಿರುಗಿ ಬರುವ ಬಸ್ಸು ಹತ್ತಿದೆವು. ನಾನು ಕಿಟಕಿಯ ಹೊರಗೆ ಬಿಳಿಜೋಳದ ಹೊಲ ನೋಡುತ್ತ, ಕಣ್ಣೀರಿನ ತಪ್ಪನ್ನು ಧೂಳಿನ ಮೇಲೆ ಹಾಕಿ ಕಣ್ಣು ಒರೆಸಿಕೊಳ್ಳುತ್ತಿದ್ದೆ. ಗೋಳಗುಮ್ಮಟ ದೂರದಲ್ಲಿ ಕಂಡಾಗ ಅಪ್ಪ ಇದ್ದಕ್ಕಿದ್ದಂತೆ ಗುಡುಗಿದರು.

"ಯಾಕ ಕಳಸಬಾರದಂತ? ಕನಮಡ್ಯಾಗ ಮಂದಿ ಇಲ್ಲೇನು? ಜ್ವರಾ ಬಂದ್ರ ನೀರ ಕೊಡೂದಿಲ್ಲೇನು? ಏನ್ ತಿಳಕೊಂಡಾನ ಆ ಗೌಡ, ನನ್ನ ಮಗಳಂದ್ರ?"

ಮುಂದಿನ ಸೀಟಿನವರು ತಿರುಗಿ ನೋಡಿದರು. ಅಪ್ಪನಿಗೆ ತಾವು ಏನು ಹೇಳಿದೆವೆಂದು ಆಗ ಗೊತ್ತಾಯಿತು. ನನ್ನ ಕಡೆ ನೋಡಿ ನಗಲಾರದೆ ನಕ್ಕರು. "ಗೌಡ್ರು ಖರೇನ ಶಾಣ್ಯಾ ಅದಾರ" ಎಂದರು. ಇಳಿದವರೇ ಸೀದಾ ಬಜಾರಿಗೆ ಹೋಗಿ ನನಗೊಂದು ಟ್ರಂಕು ಕೊಂಡರು. ಆ ದಿನವೂ ಸಕ್ಕರೆ ಮರೆತರು. ಅವ್ವ ಟ್ರಂಕು ನೋಡಿ ಅತ್ತಳು, ಆಮೇಲೆ ಅದರಲ್ಲಿ ಶೇಂಗಾ ಚಟ್ನಿಯ ಡಬ್ಬಿ ಇಟ್ಟಳು.

ಕನಮಡಿಗೆ ನನ್ನನ್ನು ಬಿಡಲು ಅಪ್ಪ ತಾವೇ ಬಂದರು. ಕೋಣೆಗೆ ಸಾಮಾನು ಹಾಕಿ, ಸಂಜೆಯ ಬಸ್ಸಿಗಾಗಿ ಕಾಯುತ್ತ ಆಲದ ಮರದ ಕಟ್ಟೆಯ ಮೇಲೆ ಕೂತೆವು. ಈಗ ಶುರುವಾಗುತ್ತದೆ ಉಪದೇಶ ಎಂದು ನಾನು ಸೆರಗು ಹೊದ್ದು ಸಿದ್ಧಳಾದೆ. ಅಪ್ಪ, "ಹೆಂಗ ಅನಸ್ತದ ಯವ್ವಾ?" ಎಂದರು, ಅಷ್ಟೇ. ನಾನು ಹೇಳತೊಡಗಿದೆ. ಹೆದರಿಕೆ ಇದೆ ಎಂದೆ, ಖುಷಿಯೂ ಇದೆ ಎಂದೆ. ಹಲ್ಲಿ ಕಂಡರೆ ಆಗುವುದಿಲ್ಲ, ಮಕ್ಕಳು ಮಾತು ಕೇಳದಿದ್ದರೆ ಏನು ಗತಿ, ಅವ್ವ ಬೇಜಾರು ಮಾಡಿಕೊಂಡಾಳು, ಹೀಗೆ ಬಸ್ಸು ಬರುವವರೆಗೆ ಹೇಳಿದೆ. ಅಪ್ಪ ಕಣ್ಣು ಅರ್ಧ ಮುಚ್ಚಲಿಲ್ಲ. ಪೂರಾ ತೆರೆದು ನನ್ನನ್ನೇ ನೋಡುತ್ತಿದ್ದರು.

ಬಸ್ಸು ಬಂತು. ನನ್ನ ತಲೆ ಮೇಲೆ ಕೈ ಇಟ್ಟು ಹತ್ತಿಬಿಟ್ಟರು. ಇಡೀ ತಾಲೂಕಿಗೆ ಬುದ್ಧಿ ಹೇಳಿದ ಮನುಷ್ಯ ನನಗೆ ಒಂದೇ ಒಂದು ಮಾತು ಹೇಳಲಿಲ್ಲ. ರಾತ್ರಿ ಬಾಗಿಲ ಅಗಳಿ ಹಾಕಿಕೋ ಎಂದು ಸಹ ಅನ್ನಲಿಲ್ಲ. ಬಸ್ಸಿನ ಧೂಳು ಇಳಿಯುವವರೆಗೆ ನಿಂತಿದ್ದು, ಕೋಣೆಗೆ ಬಂದು, ಅಗಳಿಯನ್ನು ನಾನೇ ಹಾಕಿಕೊಂಡೆ.