ಕಿಸೆಯಲ್ಲಿದ್ದ ಗೇರುಬೀಜ

“ಹನ್ನೆರಡು ಇಟ್ಟದ್ದು, ಐದು ಬಿತ್ತು. ಏಳು ಇರಬೇಕು, ಆರೇ ಉಂಟು. ಒಂದು ನಿನ್ನ ಕಿಸೆಯಲ್ಲಿ ಉಂಟು, ತೆಗಿ ಮಾರಾಯ.”

ಪುತ್ತಿಗೆಯ ನಮ್ಮ ಶಾಲೆಯ ಮರದಡಿ ಹೀಗೆ ಗದರಿದವಳು ಒಂದನೇ ತರಗತಿಯ ಶ್ರಾವ್ಯ. ಸಾಲಾಗಿಟ್ಟ ಗೇರುಬೀಜಗಳನ್ನು ಇನ್ನೊಂದು ಬೀಜದಿಂದ ಹೊಡೆದು ಉರುಳಿಸುವ ಆಟ ಅದು. ಜೊತೆಗೆ ಆಡುತ್ತಿದ್ದ ಹುಡುಗ ತೆಪ್ಪಗೆ ಬೀಜ ತೆಗೆದಿಟ್ಟ. ನಾನು ದಂಗಾದೆ. ಜೂನ್‌ನಿಂದ ಮಾರ್ಚ್‌ವರೆಗೆ ತರಗತಿಯಲ್ಲಿ ನಾನು ಕೇಳಿದ ಒಂದು ಲೆಕ್ಕಕ್ಕೂ ಬಾಯಿ ಬಿಡದ ಮಗು ಅವಳು. ‘ಇವಳಿಗೆ ಲೆಕ್ಕ ಹತ್ತುವುದಿಲ್ಲ’ ಎಂದು ಹೇಳಲು ಅಂದೇ ಅವಳ ತಾಯಿಯನ್ನು ಕರೆಸಿದ್ದೆ.

ತಾಯಿ ಹೆದರಿಕೊಂಡೇ ಬಂದರು. “ಕೂತುಕೊಳ್ಳಿ ಅಕ್ಕ. ನಿಮ್ಮ ಮಗಳ ಲೆಕ್ಕಕ್ಕೆ ಇವತ್ತು ಒಬ್ಬ ಕಳ್ಳ ಸಿಕ್ಕಿಬಿದ್ದ, ಅದನ್ನು ಹೇಳಲಿಕ್ಕೆ ಕರೆದದ್ದು” ಎಂದೆ.

ಕರೆದ ಕಾರಣ ಬೇರೆಯಿತ್ತೆಂದು ಅವರಿಗೆ ಇಂದಿಗೂ ಹೇಳಿಲ್ಲ. ಅಂದು ಅವರು ತಲೆಯೆತ್ತಿ ಮಗಳ ಕೈಹಿಡಿದು ನಡೆದ ರೀತಿ ನೋಡಿದಾಗ, ಆ ಹೆಮ್ಮೆಯಲ್ಲಿ ಸ್ವಲ್ಪ ನನಗೂ ಸಿಕ್ಕಿತು.