ಹಂಡೆ ಮುಚ್ಚಳದ ಮೇಲಿಟ್ಟ ಬ್ಯಾಟು

ಆ ಬ್ಯಾಟು ಕೆಟ್ಟದ್ದು ನನ್ನಿಂದ. ಕಾರ್ಬನ್ನಿನ ತಪ್ಪು ಅದರಲ್ಲಿ ಏನೂ ಇರಲಿಲ್ಲ, ಮೊಮ್ಮಗಳ ಕೈಯದ್ದೂ ಇರಲಿಲ್ಲ. ಹುಣಸೂರಿನ ಟೇಬಲ್ ಟೆನ್ನಿಸ್ ಹಾಲಿನಲ್ಲಿ ನಾಲ್ಕು ಜನ ಬಾಯಿ ನೋಯುವಷ್ಟು ಮಾತಾಡಿ ಹೇಳಿದ ಕಾರಣಗಳಲ್ಲಿ ಒಂದೂ ಸರಿಯಲ್ಲ. ನಾನು ಅದನ್ನು ಬಚ್ಚಲ ಹಂಡೆಯ ಮುಚ್ಚಳದ ಮೇಲೆ ಇಟ್ಟೆ, ಅದು ಒಳಗೊಳಗೇ ಅಂಟು ಬಿಟ್ಟಿತು. ಗೊತ್ತಾದ ಮೇಲೂ ಎಂಟು ದಿನ ಬಾಯಿ ಮುಚ್ಚಿಕೊಂಡಿದ್ದೆ. ಆದದ್ದು ಇಷ್ಟೆ.

ನಾನು ಓದಿದ್ದು ಮೂರನೇ ಕ್ಲಾಸು. ಮದುವೆಯಾಗಿ ಕಟ್ಟೆಮಳಲವಾಡಿಗೆ ಬಂದ ಮೇಲೆ ಹದಿನಾಲ್ಕು ವರ್ಷ ಒಂದು ಪ್ಲೈವುಡ್ ಕಾರ್ಖಾನೆಯಲ್ಲಿ ದುಡಿದೆ. ದಿಮ್ಮಿಯನ್ನು ಹಪ್ಪಳದಂತೆ ತೆಳ್ಳಗೆ ಸುಲಿದು, ಆ ಹಾಳೆಗಳಿಗೆ ಅಂಟು ಬಳಿದು, ಒಂದನ್ನು ಉದ್ದಕ್ಕೆ ಒಂದನ್ನು ಅಡ್ಡಕ್ಕೆ ಜೋಡಿಸಿ ಬಿಸಿ ಪ್ರೆಸ್ಸಿಗೆ ಕೊಡುತ್ತಿದ್ದೆವು. ಪ್ರೆಸ್ಸಿನಿಂದ ಬಂದ ಹಲಗೆಯನ್ನು ಕೋಲಿನಿಂದ ತಟ್ಟಿ ನೋಡುವ ಕೆಲಸ ಕೊನೆಯ ಆರು ವರ್ಷ ನನ್ನದಾಗಿತ್ತು. ಅಂಟು ಚೆನ್ನಾಗಿ ಕೂತಿದ್ದರೆ ಟಕ್ ಅನ್ನುತ್ತದೆ. ಒಳಗೆ ಎಲ್ಲಾದರೂ ಗಾಳಿ ಸಿಕ್ಕಿ ಗುಳ್ಳೆ ಎದ್ದಿದ್ದರೆ ಅಲ್ಲಿಗೆ ಬಂದಾಗ ಬೊದ್ ಅನ್ನುತ್ತದೆ. ಕಣ್ಣಿಗೆ ಎರಡೂ ಒಂದೇ. ನನಗೆ ಆ ಕೆಲಸ ಕೊಟ್ಟದ್ದು ಕಿವಿ ನೋಡಿ.

ಮೊಮ್ಮಗಳು ಒಂಬತ್ತನೇ ಕ್ಲಾಸು. ಶಾಲೆ ಮುಗಿಸಿ ಹುಣಸೂರಿನ ಹಾಲಿಗೆ ಟೇಬಲ್ ಟೆನ್ನಿಸ್ ಆಡಲು ಹೋಗುತ್ತಾಳೆ. ವಾಪಸ್ ಬರುವಾಗ ಕತ್ತಲಾಗುತ್ತದೆ, ಅವಳಪ್ಪನಿಗೂ ಅಮ್ಮನಿಗೂ ಪುರುಸೊತ್ತಿಲ್ಲ. ಹಾಗಾಗಿ ಜೊತೆಗೆ ನಾನು. ಈಗ ಹೆಂಗಸರಿಗೆ ಬಸ್ಸಿನಲ್ಲಿ ಟಿಕೆಟ್ಟಿನ ದುಡ್ಡೂ ಇಲ್ಲ. ಹಾಲಿನಲ್ಲಿ ಎರಡು ಟೇಬಲ್ಲು, ಒಂದು ಕಬ್ಬಿಣದ ಬೀರು, ಐದಾರು ಪ್ಲಾಸ್ಟಿಕ್ ಕುರ್ಚಿ. ಸಂತೆಯಲ್ಲಿ ಸೊಪ್ಪು ತೆಗೆದುಕೊಂಡು ಹೋಗಿ ಅಲ್ಲೇ ಕೂತು ಸೋಸುತ್ತೇನೆ. ಆಟ ನೋಡುವುದು ಕಡಿಮೆ. ಚೆಂಡಿನ ಸದ್ದು ಹೇಗೂ ಕೇಳುತ್ತಿರುತ್ತದೆ.

ಆ ಬ್ಯಾಟು ಕೊಟ್ಟವರು ಬ್ಯಾಂಕಿನ ಮೇಡಂ. ಕೆ.ಆರ್. ನಗರದಿಂದ ವರ್ಗವಾಗಿ ಬಂದವರು, ಸಂಜೆ ಆಡಲು ಬರುತ್ತಾರೆ. ಭುಜದ ನೋವು ಅಂತ ಅವರು ಹಗುರದ್ದೊಂದು ತರಿಸಿಕೊಂಡು, ತಮ್ಮ ಕಾರ್ಬನ್ ಬ್ಯಾಟನ್ನು ಹುಡುಗಿಯ ಕೈಗಿಟ್ಟರು. "ನಿನ್ ಕೈಗೆ ಇದೇ ಸರಿ. ಎಲ್ಲಿ ತಾಗಿದ್ರೂ ಒಂದೇ ಥರ ಹೋಗುತ್ತೆ ನೋಡು."

ಆ ಹಾಲ್ ನಡೆಸುವವರು ರಿಟೈರಾದ ಪಿ.ಟಿ. ಮೇಷ್ಟ್ರು. ಅವರು ಬ್ಯಾಟನ್ನು ತಿರುಗಿಸಿ ಮುರುಗಿಸಿ ನೋಡಿ ಮೂಗು ಮುರಿದರು.

"ಮಕ್ಕಳಿಗೆ ಯಾತಕ್ಕೆ ಮೇಡಂ ಇದು? ಮರದ್ದಾದ್ರೆ ಚೆಂಡು ತಾಕಿದ್ದು ಅಂಗೈಗೆ ಗೊತ್ತಾಯ್ತದೆ. ಇದ್ರಲ್ಲಿ ಬಂದದ್ದೂ ತಿಳಿಯಲ್ಲ, ಹೋದದ್ದೂ ತಿಳಿಯಲ್ಲ."

"ಹೋಗಿ ಆ ಕಡೆ ಟೇಬಲ್ ಮೇಲೆ ಬಿದ್ರೆ ಸಾಕಲ್ವಾ ಸರ್?"

ಪಿರಿಯಾಪಟ್ಟಣದಲ್ಲಿ ಟೈರ್ ಅಂಗಡಿ ಇಟ್ಟಿರುವವನೊಬ್ಬ ವಾರಕ್ಕೆ ನಾಲ್ಕು ದಿನ ಬರುತ್ತಾನೆ. ಅವನು ಬ್ಯಾಟನ್ನು ತಕ್ಕಡಿಯಂತೆ ಬೆರಳ ಮೇಲೆ ನಿಲ್ಲಿಸಿದ. "ತಲೆ ಭಾರ ಕಣ್ ಮೇಷ್ಟ್ರೆ. ಮೂರ್ನೇ ಗೇಮ್‌ಗೆ ಮಣಿಕಟ್ಟು ನೇತಾಡ್ತದೆ. ಮೊಬೈಲಲ್ಲಿ ಚೀನಾದೋನೊಬ್ಬ ಇದನ್ನೇ ಯೋಳ್ತಿದ್ದ."

"ನಿಂಗೆ ಚೀನಾ ಮಾತು ಯಾವಾಗ ಬಂತ್ಲಾ?" ಅಂದ ಅವನ ಜೊತೆಗಾರ, ವೀರನಹೊಸಹಳ್ಳಿ ಕಡೆ ಫಾರೆಸ್ಟಿನಲ್ಲಿರುವವನು.

"ಕೈ ತೋರಿಸ್ತಿದ್ದ ಕಣ್ಲಾ, ಅಷ್ಟೂ ಅರ್ಥ ಆಗಲ್ವಾ?"

ಫಾರೆಸ್ಟಿನವನು ತಾನೂ ಹತ್ತು ಚೆಂಡು ಹೊಡೆದ. "ತಡಿಯೋಕೆ ಚೆನ್ನಾಗದೆ. ಅವ್ರ ಜೋರನ್ನ ಅವ್ರಿಗೇ ವಾಪಸ್ ಕೊಡ್ತದೆ. ನೆಟ್ ಪಕ್ಕ ಮೆತ್ತಗೆ ಇಡೋಕ್ ಹೋದ್ರೆ ಮಾತ್ರ ಉದ್ದ ಹೋಯ್ತದೆ."

ನನ್ನ ಕೈಗೂ ಬಂತು. ಆಡುವವರು ಅದರ ಮರದ ಭಾಗಕ್ಕೆ ಬ್ಲೇಡು ಅನ್ನುತ್ತಾರೆ. ಅಂಚು ನೋಡಿದೆ. ಐದು ಮರದ ಹಾಳೆ, ಮಧ್ಯೆ ಎರಡು ಕಪ್ಪು ಗೆರೆ. ಆ ಗೆರೆಯೇ ಕಾರ್ಬನ್ನಂತೆ, ಬಟ್ಟೆಯ ಹಾಗೆ ನೇಯ್ದು ಮರದ ನಡುವೆ ಅಂಟಿಸುತ್ತಾರಂತೆ. ಎರಡು ಕಡೆಗೂ ರಬ್ಬರು, ಒಂದು ಕೆಂಪು, ಒಂದು ಕಪ್ಪು.

"ಇದೇನ್ ಮಹಾ, ಪ್ಲೈವುಡ್ಡೇ ಅಲ್ವಾ?" ಅಂದೆ. "ಹದಿನಾಲ್ಕು ವರ್ಷ ಇದನ್ನೇ ಮಾಡಿವ್ನಿ. ಮುಟ್ಟಿದ್ರೆ ಯೋಳ್ತೀನಿ ಒಳಗ್ ಎಂಗದೆ ಅಂತ."

"ಅಂಗಾರೆ ಮನೆ ಬಾಗ್ಲಿಗೂ ಕಾರ್ಬನ್ ಹಾಕ್ಸಜ್ಜಿ, ದಡಾರಂತ ಮುಚ್ಕತದೆ," ಅಂದ ಟೈರಿನವನು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ಜಂಬವೇ ಆಮೇಲೆ ನನ್ನ ಬಾಯಿ ಮುಚ್ಚಿಸಿತು.

ಆಡುವ ಹುಡುಗಿಗೆ ಏನನ್ನಿಸಿತು ಅಂತ ಒಬ್ಬರೂ ಕೇಳಲಿಲ್ಲ. ಬಸ್ಸಿನಲ್ಲಿ ನಾನು ಕೇಳಿದೆ. ಅವಳು ಕಿಟಕಿಯ ಕಂಬಿಯ ಮೇಲೆ ಬೆರಳು ಕುಣಿಸುತ್ತಾ ಹೇಳಿದಳು: "ಹೊಡೀಬೇಕು ಅಂದ್ಕೊಳ್ಳೋದ್ರೊಳಗೇ ಚೆಂಡು ಹೋಗಿರ್ತದೆ ಕಣಜ್ಜಿ."

ಹತ್ತು ಹನ್ನೆರಡು ದಿನ ಹಾಗೇ ಹೋಯಿತು. ಮೇಷ್ಟ್ರೇ ಬಾಯಿಬಿಟ್ಟು, ಮೈಸೂರಿನ ಜಿಲ್ಲಾ ಆಯ್ಕೆಗೆ ಕಳಿಸುವ ಮೂರು ಹುಡುಗಿಯರಲ್ಲಿ ಇವಳದ್ದೇ ಮೊದಲ ಹೆಸರು ಅಂದಿದ್ದರು. ಅದು ಇವಳ ತಲೆಯಲ್ಲಿ ಹಗಲೂ ರಾತ್ರಿ ಓಡುತ್ತಿತ್ತು. ಬೇಳೆ ತೊಳೆಯುವಾಗಲೂ ಇವಳ ಮಣಿಕಟ್ಟು ಚೆಂಡು ಹೊಡೆಯುತ್ತಿತ್ತು.

ಬುಧವಾರ ಬಸ್ಸಿಳಿದು ಮನೆ ಮುಟ್ಟುವಷ್ಟರಲ್ಲಿ ಮಳೆ ಸುರಿದು ಬ್ಯಾಗು ನೆನೆಯಿತು. ಬ್ಯಾಟಿನ ಹಿಡಿ, ಅಂಚು ಎಲ್ಲ ಒದ್ದೆ. ಮರುದಿನ ಬೆಳಿಗ್ಗೆ ಬಚ್ಚಲ ಒಲೆಗೆ ಹೊಗೆಸೊಪ್ಪಿನ ಕಡ್ಡಿ ಹಾಕಿ ಉರಿ ಮಾಡಿ, ಹಂಡೆಯ ಮುಚ್ಚಳದ ಮೇಲೆ ಅದನ್ನು ಇಟ್ಟೆ. ಒದ್ದೆ ಶೂ ಇಡುವುದೂ ಅಲ್ಲೇ. ನನ್ನ ತಲೆಯಲ್ಲಿದ್ದದ್ದು ಬಿಸಿ ಪ್ರೆಸ್ಸು. ಬಿಸಿಯಲ್ಲಿ ಅಂಟು ಇನ್ನೂ ಬಿಗಿಯುತ್ತದೆ ಅಂತ ನಂಬಿ, ಬೇಕಂತಲೇ ಅಲ್ಲಿಟ್ಟೆ. ಆದರೆ ಪ್ರೆಸ್ಸಿನಲ್ಲಿ ಬಿಸಿಯ ಜೊತೆ ಮೇಲಿಂದ ಒತ್ತುವ ಭಾರವೂ ಇರುತ್ತದೆ. ಬಚ್ಚಲಲ್ಲಿ ಭಾರವಿರಲಿಲ್ಲ, ಮುಚ್ಚಳದ ಸಂದಿಯಿಂದ ಹಬೆ ಬೇರೆ. ಮಧ್ಯಾಹ್ನ ತೆಗೆದಾಗ ಅಂಗೈ ಸುಡುವಷ್ಟು ಕಾದಿತ್ತು. ನೋಡಲು ಏನೂ ಆಗಿರಲಿಲ್ಲ. ಬ್ಯಾಗಿಗೆ ಹಾಕಿದೆ.

ಆ ಸಂಜೆ ನಾನು ಮೆಂತ್ಯದ ಸೊಪ್ಪು ಸೋಸುತ್ತಿದ್ದೆ. ಅವಳಿಗೆ ಬೆನ್ನು ಹಾಕಿ ಕೂತಿದ್ದೆ. ಟಕ್, ಟಕ್, ಟಕ್, ಬೊದ್. ಸೋಸುತ್ತಿದ್ದ ನನ್ನ ಕೈ ನಿಂತಿತು. ಟಕ್, ಬೊದ್. ಚೆಂಡು ನೆಟ್ಟಿಗೆ ಬಿತ್ತು. ತಿರುಗಿ ನೋಡಬೇಕಾಗಿರಲಿಲ್ಲ, ಗುಳ್ಳೆ ಎದ್ದಿದೆ ಅಂತ ಕಿವಿಗೆ ಗೊತ್ತಾಗಿ ಹೋಗಿತ್ತು.

ಅಲ್ಲಿಂದ ನನಗೆ ಒಂದು ಕಡೆ ಕೂರಲು ಆಗಲಿಲ್ಲ. ಹಾಲಿನಲ್ಲಿ ಕುರ್ಚಿಯನ್ನು ಕಿಟಕಿ ಹತ್ತಿರ ಎಳೆದೆ, ಬಾಗಿಲ ಹತ್ತಿರ ಎಳೆದೆ, ಹೊರಗೆ ಮೆಟ್ಟಿಲ ಮೇಲೆ ಕೂತೆ. ಅಲ್ಲಿಗೂ ಕೇಳುತ್ತಿತ್ತು. ಒಂದು ದಿನ ಎಲೆಯನ್ನೆಲ್ಲ ಕಸಕ್ಕೆ ಹಾಕಿ ಕಡ್ಡಿಯನ್ನು ಮನೆಗೆ ತಂದೆ. ಗುಡಿಸಿದ ಅಂಗಳವನ್ನು ಮತ್ತೆ ಗುಡಿಸಿದೆ. ಸುಮ್ಮನೆ ಸಣ್ಣ ಮಾತಿಗೆ ಕಂಡಕ್ಟರ್ ಜೊತೆ ಜಗಳ ಆಡಿದೆ. ಹೇಳಿಬಿಡುತ್ತೇನೆ ಅಂತ ಹೋಗುತ್ತಿದ್ದೆ, ಟೈರಿನವನ ಮುಖ ಕಂಡರೆ ಬಾಯಿ ಕಟ್ಟುತ್ತಿತ್ತು.

ಅಲ್ಲಿ ನೋಡಿದರೆ ಎಲ್ಲರಿಗೂ ತಮ್ಮ ಮಾತೇ ನಿಜವಾಯಿತು.

"ನಾ ಮೊದ್ಲೇ ಯೋಳಿರ್ಲಿಲ್ವಾ, ಅಂಗೈಗೆ ತಿಳಿಯಲ್ಲ ಅಂತ," ಅಂದರು ಮೇಷ್ಟ್ರು.

"ಭಾರ ಕಣ್ ಮೇಷ್ಟ್ರೆ. ಮಣಿಕಟ್ಟು ಬಿದ್ದೋಗದೆ ನೋಡಿ," ಅಂದ ಟೈರಿನವನು.

"ಅದೆಲ್ಲ ಅಲ್ಲ. ರಬ್ಬರ್ ಹಳೇದಾಗಿದೆ," ಅಂದರು ಮೇಡಂ. ಫಾರೆಸ್ಟಿನವನು ಕಾಲಿಡುವುದೇ ಸರಿಯಿಲ್ಲ ಅಂದ. ಒಬ್ಬೊಬ್ಬರು ಒಂದೊಂದು ಹೇಳಿ ಹುಡುಗಿಯನ್ನು ಹಿಡಿದು ತಿದ್ದಿದರು. ಅವಳು ಎಲ್ಲರ ಮಾತನ್ನೂ ಕೇಳಿದಳು. ಸೊಂಟ ಬಗ್ಗಿಸು ಅಂದರೆ ಬಗ್ಗಿಸಿದಳು, ಹಿಂದೆ ನಿಲ್ಲು ಅಂದರೆ ನಿಂತಳು. ನಾಲ್ಕು ಜನರ ಆಟ ಒಂದು ಮೈಯಲ್ಲಿ ಸೇರಿ, ಟಕ್ ಅನ್ನುವ ಚೆಂಡೂ ಹಾದಿ ತಪ್ಪತೊಡಗಿತು. ನಾನು ಸೋಸುತ್ತಾ ಕೂತಿದ್ದೆ.

ಮುಂದಿನ ವಾರ, ಶುಕ್ರವಾರ ಸಂಜೆ, ಮೇಷ್ಟ್ರು ಬೀರುವಿನ ಬಾಗಿಲಿಗೆ ಪಟ್ಟಿ ಅಂಟಿಸಿದರು. ಮೂರು ಹೆಸರಿನಲ್ಲಿ ಇವಳದಿಲ್ಲ. ಕೆಳಗೆ ಒಂದು ಗೆರೆ ಎಳೆದು, ಯಾರಾದರೂ ಬರದಿದ್ದರೆ ಅಂತ ಇವಳ ಹೆಸರು.

"ಬೇಜಾರ್ ಮಾಡ್ಕೋಬ್ಯಾಡ ಕಣವ್ವ," ಅಂದರು. "ಈಗ ಸದ್ಯಕ್ಕೆ ನಿನ್ ಕೈ ಕೂತಿಲ್ಲ."

ಬಸ್ಸಿನಲ್ಲಿ ಅವಳು ಬ್ಯಾಟಿನ ಬ್ಯಾಗನ್ನು ನನ್ನ ತೊಡೆಯ ಮೇಲೆ ಹಾಕಿದಳು. "ನೀನೇ ಮೇಡಂಗೆ ವಾಪಸ್ ಕೊಟ್ಬುಡಜ್ಜಿ. ನಾನ್ ಇನ್ ಬರಲ್ಲ. ನಂಗ್ ಕೈಯೇ ಬರ್ತಿಲ್ಲ." ಅಳಲಿಲ್ಲ. ತನ್ನ ಬಲಗೈಯನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು, ಅದು ಬೇರೆ ಯಾರದ್ದೋ ಎಂಬಂತೆ ನೋಡುತ್ತಿದ್ದಳು. ಅದನ್ನು ನೋಡಿ ಸುಮ್ಮನಿರಲು ನನ್ನಿಂದ ಆಗಲಿಲ್ಲ.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಬ್ಯಾಟು ತೆಗೆದು ಅವಳ ಕಿವಿಯ ಹತ್ತಿರ ಹಿಡಿದೆ. ಬೆರಳ ಗೆಣ್ಣಿನಿಂದ ಅಂಚಿನ ಹತ್ತಿರ ತಟ್ಟಿದೆ, ನಡುವೆ ತಟ್ಟಿದೆ. "ಕೇಳು. ಇಲ್ಲಿ ಒಂಥರಾ, ಇಲ್ಲಿ ಒಂಥರಾ. ಒಳಗೆ ಅಂಟು ಬುಟ್ಟದೆ. ಹಂಡೆ ಮೇಲೆ ಒಣಗಾಕಿದ್ದೆ, ಅದ್ಕೆ."

ಅವಳು ಬ್ಯಾಟಿನಿಂದ ನನ್ನ ಮುಖಕ್ಕೆ ಕಣ್ಣೆತ್ತಿದಳು.

"ಯಾವಾಗಿಂದ ಗೊತ್ತಿತ್ತು?"

"ಹೋದ್ ಗುರ್ವಾರದಿಂದ."

"ಎಲ್ರೂ ನನ್ ಕೈ ಸರಿಯಿಲ್ಲ ಅಂತಿದ್ರೆ ನೀನು ಸೊಪ್ಪು ಸೋಸ್ತಾ ಕೂತಿದ್ಯಾ?"

"ಕೂತಿದ್ದೆ."

"ಯಾಕಜ್ಜಿ?"

"ಮುಟ್ಟಿದ್ರೇ ಯೋಳ್ತೀನಿ ಅಂತ ಜಂಬ ಕೊಚ್ಕೊಂಡಿದ್ದೆ. ನಾನೇ ಬೇಯ್ಸ್‌ದೆ ಅನ್ನೋಕೆ ಬಾಯ್ ಬರ್ಲಿಲ್ಲ."

ಬ್ಯಾಟನ್ನು ಕಿತ್ತುಕೊಂಡು ತಾನೇ ತಟ್ಟಿ ಕೇಳಿದಳು. ಮತ್ತೆ ತಟ್ಟಿದಳು. "ಅಂಗಾರೆ ನನ್ ಕೈ?"

"ನಿನ್ ಕೈಗೇನಾಗದೆ? ನೆಟ್ಟಗದೆ."

ಅವಳು ಊಟ ಬೇಡ ಅಂದಳು, ಆಮೇಲೆ ಬಂದು ನನ್ನ ಕಡೆ ಬೆನ್ನು ಹಾಕಿಕೊಂಡೇ ಒಂದೂವರೆ ಮುದ್ದೆ ಉಂಡಳು.

ಮಾರನೆಯ ಬೆಳಿಗ್ಗೆ ನಾನು ಹಂಡೆಗೆ ಉರಿ ಹಾಕಲಿಲ್ಲ. ತಣ್ಣೀರಲ್ಲಿ ಮುಖ ತೊಳೆದು, ಬ್ಯಾಟು ತೆಗೆದುಕೊಂಡು ಮೊದಲ ಬಸ್ಸಿಗೆ ಹೋದೆ. ಹುಡುಗಿ ಹಿಂದೆಯೇ ಓಡಿಬಂದು, ನನ್ನ ಪಕ್ಕ ಕೂರದೆ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತಳು. ಹುಣಸೂರಿನಲ್ಲಿಳಿದು ಹಾಲಿನ ಮೆಟ್ಟಿಲವರೆಗೆ ಬಂದು ಅಲ್ಲೇ ಕೂತಳು. ಶನಿವಾರ ಬೆಳಗಿನ ಆಟವಾದ್ದರಿಂದ ನಾಲ್ಕು ಜನವೂ ಇದ್ದರು.

"ಮೇಷ್ಟ್ರೆ, ಬ್ಯಾಟು ಕೆಟ್ಟದೆ. ಕೆಡಿಸಿದ್ದು ನಾನು, ಹಂಡೆ ಮೇಲೆ ಇಟ್ಟು. ಎಂಟ್ ದಿನದಿಂದ ಗೊತ್ತಿತ್ತು, ಯೋಳ್ನಿಲ್ಲ," ಅಂದು ಕೊಟ್ಟೆ.

ಮೇಷ್ಟ್ರು ಕೆಂಪು ರಬ್ಬರನ್ನು ಅಂಚಿನಿಂದ ಹಿಡಿದು ನಿಧಾನವಾಗಿ ಸುಲಿದರು. ನಡುವೆ ವಡೆಯಗಲ ಮರ ಉಬ್ಬಿತ್ತು. ಹೆಬ್ಬೆರಳಿನಿಂದ ಒತ್ತಿದರೆ ಒಳಗೆ ಹೋಗಿ, ಬಿಟ್ಟರೆ ಮೇಲೆ ಬಂತು. ಎಲ್ಲರೂ ಒಬ್ಬೊಬ್ಬರಾಗಿ ಒತ್ತಿ ನೋಡಿದರು.

"ಅಯ್ಯೋ ಅಜ್ಜಿ, ನನಗೆ ಅವತ್ತೇ ಹೇಳಬಾರದಿತ್ತಾ?" ಅಂದರು ಮೇಡಂ.

"ಬ್ಯಾಟಿಗೂ ಎಣ್ಣೆ ನೀರು ಹಾಕ್ಬುಟ್ರಾ ಅಜ್ಜಿ?" ಅಂದ ಟೈರಿನವನು. ಅವನಿಗೆ ಅಷ್ಟು ಅನ್ನುವ ಹಕ್ಕಿತ್ತು.

"ಮರದ್ದಾಗಿದ್ರೆ ಹಂಡೆ ಮೇಲೂ ತಡೀತಿತ್ತು," ಅಂದರು ಮೇಷ್ಟ್ರು.

"ತಡೀತಿರ್ಲಿಲ್ಲ. ಅದ್ಕೂ ಅಂಟೇ ಹಾಕಿರ್ತಾರೆ," ಅಂದೆ.

ಅವರು ಇನ್ನೊಮ್ಮೆ ಗುಳ್ಳೆ ಒತ್ತಿದರು. "ನಾನು ಕೈ ಅಂದ್ಬುಟ್ನಲ್ಲ," ಅಂದರು, ಯಾರಿಗೂ ಅಲ್ಲ. ಬೀರು ತೆಗೆದು ತಮ್ಮ ಮರದ ಬ್ಯಾಟು ಹುಡುಕಿ, ಹುಡುಗಿಗೆ ಕೊಡಲು ಬಾಗಿಲಿಗೆ ಹೋದರು. "ಬಾರವ್ವ ಒಳಕ್ಕೆ. ಮೂರ್ ಗೇಮ್ ಆಡು ನನ್ ಜೊತೆ. ಇವ್ರ್ ಯಾರ್ ಮಾತೂ ಕೇಳ್ಬ್ಯಾಡ, ನಂದೂ ಕೇಳ್ಬ್ಯಾಡ."

ಟೈರಿನವನು ಬೀರುವಿನಲ್ಲಿದ್ದ ಹಳೇ ಬ್ಯಾಟುಗಳನ್ನು ತಂದು ನನ್ನ ಮುಂದೆ ಸುರಿದ. "ಮುಟ್ಟಿದ್ರೇ ಯೋಳ್ತೀನಿ ಅಂದ್ರಲ್ಲ, ಇವನ್ನೂ ನೋಡಿ."

ಕಿಟಕಿ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಒಂದೊಂದನ್ನೇ ಎತ್ತಿ, ಅಂಚಿನಿಂದ ನಡುವಿಗೆ ತಟ್ಟುತ್ತಾ ಬಂದೆ. ಎರಡು ಬೊದ್ ಅಂದವು, ಬೇರೆ ಇಟ್ಟೆ. ಬೆನ್ನ ಹಿಂದೆ ಹುಡುಗಿಯ ಕಡೆಯಿಂದ ಟಕ್, ಟಕ್ ಅಂತ ಒಂದೇ ಸಮನೆ ಬರುತ್ತಿತ್ತು. ಮೇಷ್ಟ್ರ ಉಸಿರು ಅದಕ್ಕಿಂತ ಜೋರಾಗಿ ಕೇಳುತ್ತಿತ್ತು. ಮೂರನೇ ಗೇಮು ಮುಗಿದ ಮೇಲೆ ಅವರು ಬೆವರು ಒರೆಸಿಕೊಳ್ಳುತ್ತಾ ಬೀರುವಿನ ಹತ್ತಿರ ಬಂದು, ಪಟ್ಟಿಯನ್ನು ಕಿತ್ತು, ಮೇಡಂ ಹತ್ತಿರ ಪೆನ್ನು ಕೇಳಿದರು. ನಾನು ಇನ್ನೊಂದು ಬ್ಯಾಟು ಎತ್ತಿಕೊಂಡು ತಟ್ಟಿದೆ.