ಬ್ರಿಗೇಡಿಯರನಿಗೆ ನಾನು ಹೇಳಿದ ಕಥೆ

ಜೈನಾಬಿ ಅಕ್ಕ, ನಿಮ್ಮ ಇಸ್ಮಾಯಿಲ್ ಶೆಲ್ ಬಿದ್ದು ಸತ್ತರೆಂದು ನಾನು ಹೇಳಿದ್ದು ಸುಳ್ಳು. ಅವರನ್ನು ಹಿಡಿಸಿಕೊಟ್ಟದ್ದು ನನ್ನ ನಾಲಗೆ.

ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದ ಮೇಲೆ ಮೈದಾನ್ ಹವಲ್ಲಿಯ ನಮ್ಮ ಆಫೀಸು ಒಬ್ಬ ಬ್ರಿಗೇಡಿಯರನ ಠಾಣೆಯಾಯಿತು. ಗುಮಾಸ್ತನಾಗಿದ್ದ ನನ್ನನ್ನು ಟೈಪ್ ಮಾಡಲು ಉಳಿಸಿಕೊಂಡ. ನನ್ನ ಎಂ.ಎ. ಪ್ರಬಂಧ ಎರಡನೇ ಮಹಾಯುದ್ಧದ ಒಬ್ಬ ಜರ್ಮನ್ ಜನರಲ್ ಕುರಿತದ್ದೆಂದು ತಿಳಿದದ್ದೇ, ದಿನಾ ಸಂಜೆ ಚಹಾಕ್ಕೆ ಕೂರಿಸತೊಡಗಿದ. ಕ್ಯಾಪ್ಟನ್ ಆಗಿದ್ದವನು ಜನರಲ್ ಆದದ್ದು, ಅವನು ಗೆದ್ದ ಊರುಗಳು, ಆ ಊರುಗಳನ್ನು ಆಳಿದ ರೀತಿ — ಕಂತು ಕಂತಾಗಿ ಹೇಳಿದೆ. ಹೆದರಿ ಹೇಳಿದೆನೆಂದು ಬರೆಯಬಹುದಿತ್ತು. ಅಲ್ಲ — ಕೇಳುವವನೊಬ್ಬ ಸಿಕ್ಕಿದನೆಂಬ ಹಿಗ್ಗು.

ಪಕ್ಕದ ಕಟ್ಟಡದ ಕಾವಲಿಗಿದ್ದ ನಿಮ್ಮವರು ನಗುತ್ತಿದ್ದರು. "ಎಂಥ ಮಾರಾಯ್ರೆ, ಇಲ್ಲಿಯ ಯುದ್ಧ ಸಾಲ್ದಾ ನಿಮ್ಗೆ? ಜರ್ಮನಿದೂ ಬೇಕಾ?"

ಒಂದು ಸಂಜೆ ಬ್ರಿಗೇಡಿಯರ್ ಕೇಳಿದ: "ಅಡಗಿದವರನ್ನು ನಿನ್ನ ಜನರಲ್ ಹೇಗೆ ಹಿಡಿಯುತ್ತಿದ್ದ?"

"ಮನೆ ಶೋಧಿಸುತ್ತಿರಲಿಲ್ಲ ಸರ್. ಬೇಕರಿ ಮುಂದೆ ಆಳು ನಿಲ್ಲಿಸುತ್ತಿದ್ದ. ಒಂಟಿ ಮನುಷ್ಯ ಮೂವರ ರೊಟ್ಟಿ ಒಯ್ದರೆ ಅವನ ಹಿಂದೆ ಹೋದರಾಯಿತು."

ಅವನು ನಕ್ಕ. ನಾನೂ ನಕ್ಕೆ.

ಮೂವರು — ಆ ಸಂಖ್ಯೆ ಪ್ರಬಂಧದಲ್ಲಿತ್ತೇ? ನೆನಪಿಲ್ಲ. ಒಬ್ಬರೇ ಇದ್ದ ನಿಮ್ಮವರು ಕೆಲವು ದಿನಗಳಿಂದ ಖುಬ್ಸ್ ರೊಟ್ಟಿಯ ದೊಡ್ಡ ಕಟ್ಟು ತರುವುದನ್ನು ನೋಡಿದ್ದೆ. ತಮಗೆ ಕೆಲಸ ಕೊಟ್ಟಿದ್ದ ಕಫೀಲನ ಇಬ್ಬರು ತಮ್ಮಂದಿರನ್ನು ಅವರು ತಾರಸಿಯ ಕೋಣೆಯಲ್ಲಿ ಬಚ್ಚಿಟ್ಟದ್ದು ಮಾತ್ರ ನನಗೆ ಗೊತ್ತಿರಲಿಲ್ಲ — ಗೊತ್ತಿರಲಿಲ್ಲವೆಂದೇ ಇಷ್ಟು ವರ್ಷ ನಂಬಿಕೊಂಡು... ಅಂದಿನ ಡೈರಿಯಲ್ಲಿ ಇರುವುದು ಒಂದೇ ಸಾಲು: 'ಇವತ್ತು ಚೆನ್ನಾಗಿ ಮಾತಾಡಿದೆ.'

ಮರುದಿನವೇ ಸೈನಿಕರು ಅವರನ್ನು ಬೇಕರಿಯಿಂದ ಹಿಂಬಾಲಿಸಿದರು. ತಮ್ಮಂದಿರಿಬ್ಬರನ್ನೂ ಬೀದಿಯಲ್ಲೇ ಗುಂಡಿಕ್ಕಿ ಕೊಂದರು. ನಿಮ್ಮವರನ್ನು ನಮ್ಮ ಆಫೀಸಿನ ನೆಲಮಾಳಿಗೆಗೆ ಎಳೆದೊಯ್ದರು. ಬ್ರಿಗೇಡಿಯರ್ ನನ್ನ ಬೆನ್ನು ತಟ್ಟಿದ. "ನಿನ್ನ ಜರ್ಮನ್ ಬುದ್ಧಿವಂತ."

ಯುದ್ಧ ಮುಗಿದು ಉಳ್ಳಾಲದ ನಿಮ್ಮ ಮನೆಗೆ ಬಂದಾಗ ನೀವು ಬಾಗಿಲ ಮರೆಯಿಂದ ಒಂದೇ ಮಾತು ಕೇಳಿದಿರಿ: "ತುಂಬಾ ನರಳಿದ್ರಾ?"

"ಇಲ್ಲ ಅಕ್ಕ. ಕ್ಷಣದಲ್ಲಿ ಹೋದ್ರು," ಎಂದೆ.

ಎರಡು ದಿನ ಬದುಕಿದ್ದರು. ನೀರು ಕೇಳುತ್ತಿದ್ದರು — ಬ್ಯಾರಿ ಭಾಷೆಯಲ್ಲಿ. ಆ ಕಟ್ಟಡದಲ್ಲಿ ಅದು ಅರ್ಥವಾಗುತ್ತಿದ್ದದ್ದು ನನಗೊಬ್ಬನಿಗೆ. ನಾನು ಟೈಪ್ ಮಾಡುತ್ತಿದ್ದೆ.